ನಿಲ್ಲುವ ಜಾಗ ಎಷ್ಟಿದೆ?

ಕಳೆದ ಜುಲೈನಲ್ಲಿ ಕಾರವಾರದಿಂದ ಶಿರಸಿಗೆ, ಅಕ್ಕನ ಮನೆಗೆ ಹೋಗಿದ್ದೆ. ಮಳೆ ಅಂದ್ರೆ ಮಳೆ. ಶಾಲೆಗೆ ರಜೆ ಕೊಟ್ಟಿದ್ದರು, ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ, ಅಕ್ಕನ ಮಗ ತನ್ನ ದೊಡ್ಡಪ್ಪ ಕೊಟ್ಟ ಹಳೇ ಗೇಮ್ ಬಾಯ್ ಹಿಡಿದುಕೊಂಡು ಜಗುಲಿಯ ಮೂಲೆ ಸೇರಿದ್ದ. ಸೆಲ್ ಹಾಕಿ ಆಡುವ ಯಂತ್ರ ಅದು. ಊಟದ ಹೊತ್ತಿಗೆ ಎದ್ದು ನನ್ನ ಹತ್ತಿರ ಬಂದ. ಇನ್ನೇನು ಅಳುವುದೊಂದು ಬಾಕಿ. "ಮಾವ, ಎಲ್ಲಿ ಹೋದ್ರೂ ಮತ್ತೆ ಅಲ್ಲಿಗೇ ಬತ್ತು!"

ಅವನು ಆಡುತ್ತಿದ್ದದ್ದು ಪೋಕೆಮಾನ್ ರೆಡ್. ಜಪಾನಿನಲ್ಲಿ 1996ರಲ್ಲಿ ಬಂದ ಆಟ. ಅದರಲ್ಲಿ ಸೆಲಡನ್ ಎಂಬ ಊರಿದೆ, ಆ ಊರಿನ ಜೂಜಿನ ಅಂಗಡಿಯ ಕೆಳಗೆ ಕಳ್ಳರ ಗುಂಪಿನ ಅಡಗುತಾಣ ಇದೆ. ಆ ನೆಲಮಾಳಿಗೆಯ ಕೆಲವು ಟೈಲ್ಸ್ ಮೇಲೆ ಬಾಣದ ಗುರುತು. ಅದರ ಮೇಲೆ ಕಾಲಿಟ್ಟರೆ ಮುಗಿಯಿತು. ನಿಮ್ಮ ಹುಡುಗ ಬುಗುರಿಯ ಹಾಗೆ ಗಿರಗಿರ ತಿರುಗುತ್ತಾ ಬಾಣ ತೋರಿಸಿದ ಕಡೆ ಹೋಗುತ್ತಾನೆ. ದಾರಿಯಲ್ಲಿ ಇನ್ನೊಂದು ಬಾಣ ಸಿಕ್ಕರೆ ಆ ಕಡೆ ತಿರುಗುತ್ತಾನೆ. ನಿಲ್ಲಿಸುವ ಟೈಲ್ಸ್ ಸಿಗುವವರೆಗೆ ನೀವು ಯಾವ ಬಟನ್ ಒತ್ತಿದರೂ ಪ್ರಯೋಜನ ಇಲ್ಲ.

ಇಂಥ ಕೋಣೆ ನೋಡಿ ನನಗೆ ಮೊದಲು ನೆನಪಾದದ್ದು ಹಾವು ಏಣಿ. ನಮ್ಮ ಅಜ್ಜಿಯ ಕಾಲದವರು ಪರಮಪದ ಸೋಪಾನ ಪಟ ಅಂತ ಆಡುತ್ತಿದ್ದದ್ದು ಅದನ್ನೇ. ಹಾವಿನ ಬಾಯಿಗೆ ಬಿದ್ದರೆ ಬಾಲದವರೆಗೆ ಇಳಿಯಲೇಬೇಕು, ಅಲ್ವಾ? ಆಟಗಾರನನ್ನು ನೆಲವೇ ಎತ್ತಿಕೊಂಡು ಹೋಗುವ ಯೋಚನೆ ನಮ್ಮಲ್ಲಿ ಅಷ್ಟು ಹಳೆಯದು. ಆದರೆ ಅಲ್ಲಿ ದಾಳ ಹೇಳಿದಂತೆ ನಡೆಯಬೇಕು. ಇಲ್ಲಿ ದಾಳ ಇಲ್ಲ. ನಿಂತ ಜಾಗದಲ್ಲಿ ಯಾವ ಕಡೆ ಹೊರಡಬೇಕು ಎಂದು ನೀವೇ ಆರಿಸಬೇಕು, ಹೊರಟ ಮೇಲೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಅದೃಷ್ಟದ ಆಟ ಲೆಕ್ಕದ ಆಟವಾಗುವುದು ಇಲ್ಲೇ. ನನಗೆ ಈ ಕೋಣೆಗಳು ಇಷ್ಟ ಆಗುವುದೂ ಇದಕ್ಕೇ.

ಬಾಣದ ಟೈಲ್ಸ್‌ಗೆ ಒಬ್ಬ ತಮ್ಮ ಇದ್ದಾನೆ, ಹಿಮದ ನೆಲ. ಅದೇ ಸರಣಿಯಲ್ಲಿ 1999ರಲ್ಲಿ ಬಂದ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಹಿಮದ ಗುಹೆಯೊಂದಿದೆ. ಅಲ್ಲಿ ಒಂದು ಹೆಜ್ಜೆ ಇಟ್ಟರೆ ಎದುರಿಗೆ ಬಂಡೆಯೋ ಗೋಡೆಯೋ ಸಿಗುವ ತನಕ ಜಾರುತ್ತಲೇ ಹೋಗಬೇಕು. ಶಿರಸಿ ಕಡೆಯವರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ. ಆಷಾಢದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಸುಮ್ನೆ ಒಂದು ಸಲ ಚಪ್ಪಲಿ ಹಾಕಿಕೊಂಡು ಇಳಿದು ನೋಡಿ. ಅದಕ್ಕೇ ಅಲ್ಲಿ ಮಳೆಗಾಲಕ್ಕೆ ಮೊದಲು ಅಂಗಳದಲ್ಲಿ ಓಡಾಡುವ ದಾರಿಗೆ ಅಡಿಕೆ ಸೋಗೆ ಹಾಸುತ್ತಾರೆ, ಅಡಿಕೆ ಮರ ಸೀಳಿದ ದಬ್ಬೆ ಹಾಕುತ್ತಾರೆ. ಕಾಲಿಗೆ ಹಿಡಿತ ಸಿಗಲಿ ಅಂತ. ವಿಜ್ಞಾನದ ಮಾತಿನಲ್ಲಿ ಆ ಹಿಡಿತಕ್ಕೆ ಘರ್ಷಣೆ ಎನ್ನುತ್ತಾರೆ. ನಿಜವಾದ ಹಿಮದಲ್ಲೂ ಅದು ಸ್ವಲ್ಪ ಇದ್ದೇ ಇರುತ್ತದೆ. ಘರ್ಷಣೆಯ ಅಳತೆ 0.05 ಎಂದು ಹಿಡಿಯಿರಿ. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ನಡೆಯುತ್ತಿದ್ದವನು ಜಾರಿದರೆ ಹೆಚ್ಚು ಕಡಿಮೆ 2.3 ಮೀಟರ್ ದೂರ ಹೋಗಿ ನಿಲ್ಲುತ್ತಾನೆ. ಆಟದ ಹಿಮದಲ್ಲಿ ಆ ಅಳತೆ ಸೊನ್ನೆ. ಹೊರಗಿನ ಬಲ ತಡೆಯದಿದ್ದರೆ ಚಲಿಸುವ ವಸ್ತು ಹಾಗೇ ಚಲಿಸುತ್ತಿರುತ್ತದೆ ಎಂದು 1687ರಲ್ಲಿ ನ್ಯೂಟನ್ ಬರೆದದ್ದನ್ನು ಆ ಪುಟ್ಟ ಪರದೆ ಅಕ್ಷರಶಃ ಪಾಲಿಸುತ್ತದೆ.

ಹುಡುಗನಿಗೆ ಇದನ್ನೆಲ್ಲ ಹೇಳುತ್ತಾ ಕೂರಲಿಲ್ಲ. ಸೀಮೆಸುಣ್ಣ ತಗೊಂಡು ಜಗುಲಿಯ ಮೇಲೆ ಉದ್ದಕ್ಕೆ ಐದು, ಅಡ್ಡಕ್ಕೆ ಐದು, ಒಟ್ಟು 25 ಮನೆ ಬರೆದೆ. ಸುತ್ತ ಗೋಡೆ, ಒಳಗೆಲ್ಲ ಹಿಮ ಅಂತ ಲೆಕ್ಕ. ಒಂದು ಹುಣಸೆ ಬೀಜವನ್ನು ಕೆಳಗಿನ ಸಾಲಿನ ಎಡಮೂಲೆಯಲ್ಲಿ ಇಟ್ಟೆ. ಇದು ಎಲ್ಲೆಲ್ಲಿ ನಿಲ್ಲಬಹುದು ಹೇಳು ಅಂದೆ. ಅವನು ಬೀಜ ಜಾರಿಸಿದ. ಬಲಕ್ಕೆ ಹೋದರೆ ಮೂಲೆ, ಮೇಲಕ್ಕೆ ಹೋದರೆ ಮೂಲೆ. 25 ಮನೆಗಳಲ್ಲಿ ಅದು ನಿಲ್ಲುವುದು ನಾಲ್ಕರಲ್ಲಿ ಮಾತ್ರ! ಉಳಿದ 21 ಮನೆ ಇದ್ದೂ ಇಲ್ಲದ ಹಾಗೆ.

ಈಗ ಎರಡು ಸಿಪ್ಪೆಗೋಟು, ಅಂದರೆ ಸಿಪ್ಪೆ ಸುಲಿಯದ ಒಣ ಅಡಿಕೆ ತಂದು ಬಂಡೆಯ ಹಾಗೆ ಇಟ್ಟೆ. ಒಂದು, ಕೆಳಗಿನ ಸಾಲಿನಲ್ಲಿ ಎಡದಿಂದ ನಾಲ್ಕನೇ ಮನೆಯಲ್ಲಿ. ಇನ್ನೊಂದು, ಮೇಲಿನಿಂದ ಎರಡನೇ ಸಾಲಿನ ನಡು ಮನೆಯಲ್ಲಿ. ಬೀಜ ಇಡೀ ಚೌಕದ ನಟ್ಟನಡುವಿನ ಮನೆಯಲ್ಲಿ ನಿಲ್ಲಬೇಕು. ಎಡಮೂಲೆಯಿಂದ ಬಲಕ್ಕೆ ಜಾರಿಸಿದರೆ ಅಡಿಕೆ ತಡೆದು ಮೂರನೇ ಮನೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ಜಾರಿಸಿದರೆ ಎರಡನೇ ಅಡಿಕೆ ತಡೆದು ನಡು ಮನೆಯಲ್ಲಿ ನಿಲ್ಲುತ್ತದೆ. ಎರಡೇ ನಡೆ. ನೀವೂ ಒಂದು ಕಾಗದದಲ್ಲಿ ಬರೆದುಕೊಂಡು ನೋಡಿ, ಓದಿದ್ದಕ್ಕಿಂತ ಬೇಗ ತಿಳಿಯುತ್ತದೆ.

ಮಜಾ ಇರುವುದು ಮುಂದೆ. ನಡು ಮನೆಯಿಂದ ಬಲಕ್ಕೆ ಒಂದು ಸಲ ಜಾರಿಸಿ. ಬಲಗೋಡೆಗೆ ಹೋಗಿ ನಿಲ್ಲುತ್ತದೆ. ಈಗ ಅದನ್ನು ವಾಪಸ್ ನಡುವಿಗೆ ತನ್ನಿ. ಎಡಕ್ಕೆ ಜಾರಿಸಿದರೆ ಅದು ನಡು ಮನೆಯನ್ನು ದಾಟಿ ಎಡಗೋಡೆಗೇ ಹೋಗುತ್ತದೆ, ನಡುವೆ ತಡೆಯುವವರು ಯಾರೂ ಇಲ್ಲ. ಅಲ್ಲಿಂದ ಕೆಳಗೆ, ಆಮೇಲೆ ಬಲಕ್ಕೆ, ಆಮೇಲೆ ಮೇಲಕ್ಕೆ. ಹೋಗಲು ಒಂದು ನಡೆ, ಬರಲು ನಾಲ್ಕು. ಸಾಮಾನ್ಯ ನೆಲದಲ್ಲಿ ಹೋದ ದಾರಿಯಲ್ಲೇ ಹಿಂದೆ ಬರಬಹುದು. ಇಲ್ಲಿ ಬರಲಾಗುವುದಿಲ್ಲ. ಪೇಟೆಯ ಒನ್ ವೇ ರಸ್ತೆ ಇದ್ದ ಹಾಗೆ. ಜಾರುವ ನೆಲ, ಬಾಣದ ನೆಲ, ಎರಡರ ಕಷ್ಟವೂ ಹುಟ್ಟುವುದು ಈ ಒಂದೇ ಗುಣದಿಂದ.

ಹಾಗಾದರೆ ಬಿಡಿಸುವುದು ಹೇಗೆ? ನಾವು ಸೋಲುವುದು ಎಲ್ಲ ಮನೆಗಳನ್ನೂ ನೋಡುವುದರಿಂದ. ನಿಲ್ಲುವ ಮನೆಗಳನ್ನಷ್ಟೇ ನೋಡಬೇಕು. ನಮ್ಮ ಚೌಕದಲ್ಲಿ ಅಡಿಕೆ ಬಿಟ್ಟು 23 ಮನೆ ಇವೆ, ಬೀಜ ನಿಲ್ಲುವುದು ಎಂಟರಲ್ಲಿ. ಆ ಎಂಟಕ್ಕೆ ಎಂಟು ಚುಕ್ಕೆ ಹಾಕಿ. ಎಲ್ಲಿಂದ ಎಲ್ಲಿಗೆ ಜಾರುತ್ತದೋ ಅಲ್ಲಿಗೆ ಬಾಣ ಎಳೆಯಿರಿ. ಈಗ ಹಿಮ ಇಲ್ಲ, ಗೋಡೆ ಇಲ್ಲ, ತಿರುಗುವ ಹುಡುಗನೂ ಇಲ್ಲ. ಚುಕ್ಕೆ ಮತ್ತು ಬಾಣ ಅಷ್ಟೇ. ಗಣಿತದವರು ಇದಕ್ಕೆ ಗ್ರಾಫ್ ಎನ್ನುತ್ತಾರೆ. ಕೋಣೆಯ ಅಲಂಕಾರ ಎಷ್ಟೇ ಇರಲಿ, ಒಗಟು ಅಂದರೆ ಈ ಚಿತ್ರವೇ.

ಚಿತ್ರ ಸಿಕ್ಕ ಮೇಲೆ ಹತ್ತಿರದ ದಾರಿ ಹುಡುಕಲು ಒಂದು ಸೊಗಸಾದ ಉಪಾಯ ಇದೆ. ಹೊರಡುವ ಚುಕ್ಕೆಗೆ ಸೊನ್ನೆ ಬರೆಯಿರಿ. ಅಲ್ಲಿಂದ ಒಂದೇ ನಡೆಯಲ್ಲಿ ಮುಟ್ಟುವ ಚುಕ್ಕೆಗಳಿಗೆಲ್ಲ 1 ಬರೆಯಿರಿ. ಆ 1ಗಳಿಂದ ಒಂದು ನಡೆ ದೂರ ಇದ್ದು ಇನ್ನೂ ಅಂಕೆ ಸಿಗದವುಗಳಿಗೆ 2. ಹೀಗೇ ಮುಂದೆ. ಕೆರೆಗೆ ಕಲ್ಲು ಹಾಕಿದಾಗ ಅಲೆ ಸುತ್ತ ಹರಡುತ್ತದಲ್ಲ, ಹಾಗೆ ಅಂಕೆ ಹರಡುತ್ತದೆ. ನಮ್ಮ ಎಂಟು ಚುಕ್ಕೆಗಳೂ 3ರ ಒಳಗೆ ಮುಗಿಯುತ್ತವೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಗಣಿತಜ್ಞ ಚಕ್ರವ್ಯೂಹದಲ್ಲಿ ಅತಿ ಹತ್ತಿರದ ದಾರಿ ಹುಡುಕುವ ಬಗ್ಗೆ ಬರೆದ ಪ್ರಬಂಧ 1959ರಲ್ಲಿ ಪ್ರಕಟವಾಯಿತು, ಅದರಲ್ಲಿರುವುದು ಈ ಉಪಾಯವೇ. ಇವತ್ತು ಕಂಪ್ಯೂಟರ್ ಓದುವ ಎಲ್ಲ ಮಕ್ಕಳೂ ಇದನ್ನು ಕಲಿಯುತ್ತಾರೆ. ಸೀಮೆಸುಣ್ಣ ಹಿಡಿಯಬಲ್ಲ ಐದನೇ ಕ್ಲಾಸಿನ ಮಗುವಿಗೂ ಇದು ಬರುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ.

ಕೈಯಲ್ಲಿ ಬಿಡಿಸುವವರಿಗೆ ಇನ್ನೂ ಒಳ್ಳೆಯದು ಗುರಿಯಿಂದ ಹಿಂದಕ್ಕೆ ಎಣಿಸುವುದು. ನಡು ಮನೆಗೆ ಎಲ್ಲಿಂದ ಬಂದು ನಿಲ್ಲಬಹುದು? ಕೆಳಗಿನ ಸಾಲಿನ ಮೂರನೇ ಮನೆಯಿಂದ ಮಾತ್ರ. ಅಲ್ಲಿಗೆ ಎಲ್ಲಿಂದ? ಎಡಮೂಲೆಯಿಂದ. ಮುಂದಕ್ಕೆ ಹೊರಟರೆ ಹೆಚ್ಚಿನ ಸಲ ಎರಡು ಮೂರು ಕವಲು. ಹಿಂದಕ್ಕೆ ಬಂದರೆ ಎಷ್ಟೋ ಸಲ ಒಂದೇ. ಸೆಲಡನ್ ಅಡಗುತಾಣದಲ್ಲಂತೂ ಇದು ಬಹಳ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಗೇಮ್ ಬಾಯ್ ಪರದೆ ತೀರಾ ಚಿಕ್ಕದು. ಅಗಲ 160 ಪಿಕ್ಸೆಲ್, ಎತ್ತರ 144. ಹುಡುಗನ ಒಂದು ಹೆಜ್ಜೆಗೆ 16 ಪಿಕ್ಸೆಲ್ ಬೇಕು. ಅಂದರೆ ಒಂದು ಸಲಕ್ಕೆ ಕಾಣುವುದು 10 ಹೆಜ್ಜೆ ಅಗಲ, 9 ಹೆಜ್ಜೆ ಎತ್ತರ. ಬಾಣ ನಿಮ್ಮನ್ನು ಎಲ್ಲಿಗೆ ಎಸೆಯುತ್ತದೆ ಎಂದು ಹೊರಡುವಾಗ ಕಾಣುವುದೇ ಇಲ್ಲ. ಕಾಗದ ಬೇಕೇ ಬೇಕು. 1981ರ ವಿಝರ್ಡ್ರಿ ಎಂಬ ಕಂಪ್ಯೂಟರ್ ಆಟದ ಕಾಲದಿಂದಲೂ ಆಟಗಾರರು ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆಯುತ್ತಿದ್ದರು. ಆ ಆಟದಲ್ಲಿ ಇನ್ನೊಂದು ಬಗೆಯ ಟೈಲ್ಸ್ ಇತ್ತು. ಅದು ನಿಮ್ಮನ್ನು ಎಲ್ಲಿಗೂ ಒಯ್ಯುವುದಿಲ್ಲ, ನಿಂತಲ್ಲೇ ಬೇರೆ ದಿಕ್ಕಿಗೆ ತಿರುಗಿಸಿಬಿಡುತ್ತದೆ, ತಿರುಗಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಉತ್ತರ ಅಂದುಕೊಂಡು ಪೂರ್ವಕ್ಕೆ ನಡೆಯುತ್ತೀರಿ, ನಕ್ಷೆ ಪೂರ್ತಿ ಹಾಳು. ನನಗೆ ಅದು ಸ್ವಲ್ಪ ಅನ್ಯಾಯ ಅನ್ನಿಸುತ್ತದೆ. ಬಾಣದ ಟೈಲ್ಸ್ ಕನಿಷ್ಠ ತಾನು ಏನು ಮಾಡುತ್ತೇನೆಂದು ಮುಖದ ಮೇಲೇ ಬರೆದುಕೊಂಡಿರುತ್ತದೆ.

ಯಂತ್ರದ ಒಳಗೆ ಈ ಬಾಣ ಹೇಗೆ ಕೆಲಸ ಮಾಡುತ್ತದೆ ಎನ್ನುವುದೂ ಚೆನ್ನಾಗಿದೆ. ಅಭಿಮಾನಿಗಳು ಪೋಕೆಮಾನ್ ರೆಡ್‌ನ ಕೋಡ್ ಬಿಡಿಸಿ ಓದಿದ್ದಾರೆ. ಟೈಲ್ಸ್ ಹುಡುಗನನ್ನು ತಳ್ಳುತ್ತದೆ ಎಂದು ನಮಗೆ ಕಾಣುತ್ತದೆ, ಆದರೆ ಅಲ್ಲಿ ತಳ್ಳುವ ಲೆಕ್ಕವೇ ಇಲ್ಲ. ಒಂದು ಪಟ್ಟಿ ಇದೆ. ಇಂಥ ಜಾಗದ ಬಾಣ ತುಳಿದರೆ ಎಡಕ್ಕೆ ಇಷ್ಟು ಹೆಜ್ಜೆ, ಆಮೇಲೆ ಮೇಲಕ್ಕೆ ಇಷ್ಟು ಎಂದು ಮೊದಲೇ ಬರೆದಿಟ್ಟಿದ್ದಾರೆ. ಯಂತ್ರ ಆ ಪಟ್ಟಿ ಓದಿ, ನೀವೇ ಆ ಬಟನ್‌ಗಳನ್ನು ಒತ್ತುತ್ತಿದ್ದೀರಿ ಎಂಬಂತೆ ತಾನೇ ಒತ್ತಿಕೊಳ್ಳುತ್ತದೆ. 8 ಕಿಲೋಬೈಟ್ ಕೆಲಸದ ಮೆಮೊರಿ ಇದ್ದ ಯಂತ್ರಕ್ಕೆ ಇದು ಅಗ್ಗದ ದಾರಿ. ಗೋಲ್ಡ್ ಮತ್ತು ಸಿಲ್ವರ್‌ನ ಹಿಮ ಹಾಗಲ್ಲ. ಪ್ರತಿ ಹೆಜ್ಜೆಗೂ ಕಾಲಡಿ ಹಿಮ ಇದೆಯಾ ಎಂದು ನೋಡುತ್ತದೆ, ಇದ್ದರೆ ಅದೇ ದಿಕ್ಕಿಗೆ ಇನ್ನೊಂದು ಹೆಜ್ಜೆ.

ಆಟ ಕಟ್ಟುವವರಿಗೆ ದೊಡ್ಡ ಭಯ ಬೇರೆಯೇ. ಒಳಗೆ ಹೋಗಲು ದಾರಿ ಇದ್ದು ಹೊರಗೆ ಬರಲು ಇಲ್ಲದಿದ್ದರೆ? ಯಕ್ಷಗಾನದ ಅಭಿಮನ್ಯುವಿನ ಪಾಡು. ಬಾಣಗಳಲ್ಲಿ ಈ ತಪ್ಪು ಬಹಳ ಸುಲಭವಾಗಿ ಆಗುತ್ತದೆ. ಪರೀಕ್ಷೆ ಮಾಡುವುದು ಹೀಗೆ: ಚಿತ್ರದ ಎಲ್ಲ ಬಾಣಗಳನ್ನೂ ತಿರುಗಿಸಿ, ಹೊರಬಾಗಿಲಿನಿಂದ ಅಂಕೆ ಹಾಕುತ್ತಾ ಬನ್ನಿ. ಯಾವ ಚುಕ್ಕೆಗೆ ಅಂಕೆ ಸಿಗಲಿಲ್ಲವೋ ಅಲ್ಲಿ ಸಿಕ್ಕಿಕೊಂಡವನಿಗೆ ಬಿಡುಗಡೆ ಇಲ್ಲ. ನಮ್ಮ ಅಡಿಕೆ ಚೌಕದಲ್ಲಿ ನಡು ಮನೆಯಿಂದ ಹಿಂದಕ್ಕೆ ಎಣಿಸಿದರೆ ಎಂಟಕ್ಕೂ ಅಂಕೆ ಸಿಗುತ್ತದೆ. ಅತಿ ದೂರದ್ದು ಕೆಳಗಿನ ಬಲಮೂಲೆ, ಅಲ್ಲಿಂದ ಐದು ನಡೆ.

ನೆಲ ಅಲ್ಲಾಡದೆ ಇದ್ದರೆ ಲೆಕ್ಕ ಇಷ್ಟು ಸುಲಭ. 25 ಮನೆ ಇದ್ದರೆ ಚುಕ್ಕೆ 25ಕ್ಕಿಂತ ಜಾಸ್ತಿ ಆಗುವುದಿಲ್ಲ. ಆದರೆ ತಳ್ಳಬಹುದಾದ ಮೂರು ಪೆಟ್ಟಿಗೆ ತಂದಿಡಿ. ಮೂರು ಪೆಟ್ಟಿಗೆಯನ್ನು 25 ಮನೆಗಳಲ್ಲಿ 2,300 ರೀತಿ ಇಡಬಹುದು, ಪ್ರತಿ ಸಲವೂ ಆಟಗಾರ ಉಳಿದ 22 ಮನೆಗಳಲ್ಲಿ ಎಲ್ಲಾದರೂ ನಿಂತಿರಬಹುದು, ಒಟ್ಟು 50,600 ಚುಕ್ಕೆ. ಪೆಟ್ಟಿಗೆ ತಳ್ಳುವ ಸೊಕೊಬಾನ್ ಆಟ ಕಂಪ್ಯೂಟರಿಗೂ ಅತಿ ಕಷ್ಟದ ಲೆಕ್ಕಗಳ ಸಾಲಿಗೆ ಸೇರುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ಕಲ್ಬರ್ಸನ್ 1997ರಲ್ಲಿ ತೋರಿಸಿದರು.

ಈ ಚಿತ್ರ ನನ್ನ ಮನಸ್ಸಿನಲ್ಲಿ ಯಾಕೆ ಇಷ್ಟು ಕೂತಿದೆ ಎಂದರೆ, ದೇವಿಮನೆ ಘಟ್ಟ ಇಳಿದರೆ ಸಿಗುವ ನಮ್ಮ ಕಡಲಿನಲ್ಲೂ ಬಾಣದ ಟೈಲ್ಸ್ ಇದೆ. ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗಬೇಕಲ್ಲ. ಅದು ಕೆಲವು ಕಡೆ ಇಕ್ಕಟ್ಟಾದ ಸೆಳೆತವಾಗಿ ಸಮುದ್ರದ ಕಡೆಗೆ ನುಗ್ಗುತ್ತದೆ. ಗೋಕರ್ಣ, ಮುರ್ಡೇಶ್ವರದಂಥ ತೆರೆದ ತೀರಗಳಲ್ಲಿ ಈಜಲು ಇಳಿದವರು ಸಿಕ್ಕಿಬೀಳುವುದು ಇಂಥದ್ದರಲ್ಲಿ. ಜೋರಿದ್ದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. 100 ಮೀಟರ್ ಈಜಿನ ವಿಶ್ವದಾಖಲೆಯ ವೇಗವೂ ಹೆಚ್ಚು ಕಡಿಮೆ ಅಷ್ಟೇ. ಹೆದರಿದವರು ದಡವನ್ನೇ ನೋಡುತ್ತಾ ಬಾಣದ ಎದುರಿಗೆ ಈಜುತ್ತಾರೆ, ಸುಸ್ತಾಗುತ್ತಾರೆ, ಮುಳುಗುತ್ತಾರೆ. ಆದರೆ ಆ ಸೆಳೆತದ ಅಗಲ ಸಾಮಾನ್ಯವಾಗಿ ಕಡಿಮೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿದರೆ ಅದರಿಂದ ಹೊರಗೆ ಬರಬಹುದು, ಅಲ್ಲಿ ಒಡೆಯುವ ಅಲೆಗಳು ದಡದ ಕಡೆಗೇ ತಳ್ಳುತ್ತವೆ. ಈಜಲು ಆಗದಿದ್ದರೆ ಅದರ ಜೊತೆ ಜಗಳ ಆಡದೆ ತೇಲುತ್ತಾ ಕೈ ಎತ್ತಿ ಕೂಗಬೇಕು. ಹುಡುಗನಿಗೆ ಇದನ್ನೂ ಅದೇ ಜಗುಲಿಯ ಮೇಲೆ ಬಾಣ ಬರೆದೇ ತೋರಿಸಿದೆ. ಒಂದು ಸಾಲು ಬಾಣ ಸಮುದ್ರಕ್ಕೆ, ಎರಡೂ ಪಕ್ಕದ ಸಾಲು ದಡಕ್ಕೆ. ನಾನು ಕೇಳುವ ಮೊದಲೇ ಬೀಜವನ್ನು ಪಕ್ಕದ ಸಾಲಿಗೆ ಸರಿಸಿದ.

ಸಂಜೆ ಹೊತ್ತಿಗೆ ಗೇಮ್ ಬಾಯ್‌ನ ಸೆಲ್ ಮುಗಿದಿತ್ತು. ಅವನಿಗೆ ಅದರ ಚಿಂತೆ ಇರಲಿಲ್ಲ. ಕ್ಯಾಲೆಂಡರಿನ ಹಿಂಬದಿಯಲ್ಲಿ ಅಡಗುತಾಣದ ನಕ್ಷೆ ಅರ್ಧ ಬರೆದಿದ್ದ, ಮೆಟ್ಟಿಲಿನಿಂದ ಹಿಂದಕ್ಕೆ ಅಂಕೆ ಹಾಕಿದ್ದ. ನಾನು ಚಾ ಕುಡಿಯುತ್ತಿದ್ದಾಗ ಜಗುಲಿಗೆ ಕರೆದ. ನಮ್ಮ ಚೌಕಕ್ಕೆ ಮೂರನೇ ಅಡಿಕೆ ಬಂದಿತ್ತು, ಕೆಳಗಿನ ಸಾಲಿನ ಎರಡನೇ ಮನೆಯಲ್ಲಿ. ಬೀಜ ಮೊದಲಿನ ಹಾಗೆ ಎಡಮೂಲೆಯಲ್ಲೇ ಇತ್ತು. "ನಡು ಮನಿಗೆ ತಂದು ನಿಲ್ಸು ಮಾವ."

ನಾನು ಗುರಿಯಿಂದ ಹಿಂದಕ್ಕೆ ಎಣಿಸಿದೆ. ನಡು ಮನೆಗೆ ಬರುವುದು ಅದರ ಕೆಳಗಿನ ಮೂರನೇ ಮನೆಯಿಂದ. ಆ ಮೂರನೇ ಮನೆಗೆ ಈಗ ಬರುವುದು ನಡು ಮನೆಯಿಂದ ಮಾತ್ರ, ಎಡಕ್ಕೂ ಬಲಕ್ಕೂ ಅಡಿಕೆ ಕೂತಿದೆ. ಅಲ್ಲಿಗೆ ಬಾಣ ಮುಗಿಯಿತು.

"ಇದಕ್ಕೆ ದಾರಿನೇ ಇಲ್ಲೆ" ಅಂದೆ.

ಅವನು ನಕ್ಕು ಮೂರನೇ ಅಡಿಕೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡ.