ಮಸುಕು ಉಂಡೆಯ ಬೆನ್ನು ಹತ್ತಿದ ಡಾಕ್ಟರು

ಜಪಾನಿನ ಕೆಂಜಿ ಕೊಸಾಕಾ ಮನೋವೈದ್ಯರು. ಹಗಲು ರೋಗಿಗಳನ್ನು ನೋಡುವ ಕೆಲಸ. ಅದರ ಜೊತೆಗೇ ಇನ್ನೊಂದು ಕೆಲಸವನ್ನೂ ಅಂಟಿಸಿಕೊಂಡಿದ್ದರು: ತೀರಿಕೊಂಡವರ ಮಿದುಳನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು. ಮಾಮೂಲಾಗಿ ಈ ಎರಡನ್ನೂ ಬೇರೆ ಬೇರೆ ಜನ ಮಾಡುತ್ತಾರೆ. ಇಲ್ಲಿ ಒಬ್ಬರೇ ಮಾಡಿದರಲ್ಲ, ಲೂಯಿ ಬಾಡಿ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆಯನ್ನು ಗುರುತಿಸಿದ ಅವರ ಸಾಧನೆಯ ಗುಟ್ಟೆಲ್ಲ ಅದರಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಮೊದಲು ಆ ಉಂಡೆಯ ವಿಷಯ. ಮೈ ನಡುಗಿ ಬಿಗಿಯುವ ಪಾರ್ಕಿನ್ಸನ್ ಕಾಯಿಲೆ ಇದ್ದವರ ಮಿದುಳಿನ ಕಾಂಡದಲ್ಲಿ, ನರಕೋಶದ ಒಳಗೆ, ಗುಂಡಗಿನ ಗುಲಾಬಿ ಉಂಡೆ ಕಾಣುತ್ತದೆ. ಸುತ್ತ ಬಿಳಿಚಿದ ಬಳೆ. ಕೋಶದಲ್ಲಿರುವ ಕಪ್ಪು ಬಣ್ಣದ ಕಣಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ನಡುವೆ ಕೂತಿರುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಇಂಥ ಉಂಡೆಗಳ ಬಗ್ಗೆ 1912ರಲ್ಲಿ ಮೊದಲು ಬರೆದವರು ಫ್ರೆಡ್ರಿಕ್ ಲೂಯಿ, ಮ್ಯೂನಿಕ್‌ನಲ್ಲಿ ಆಲ್‌ಝೈಮರ್ ಅವರ ಲ್ಯಾಬಿನಲ್ಲಿ ಕೆಲಸ ಮಾಡಿದ್ದವರು. 1919ರಲ್ಲಿ ಪ್ಯಾರಿಸ್‌ನಲ್ಲಿದ್ದ ಡಾಕ್ಟರು ಟ್ರೆಟಿಯಾಕಾಫ್ ಇವಕ್ಕೆ ಲೂಯಿ ಹೆಸರನ್ನೇ ಇಟ್ಟರು. ಅಲ್ಲಿಂದ ಮುಂದೆ ಲೂಯಿ ಬಾಡಿ ಅಂದರೆ ಪಾರ್ಕಿನ್ಸನ್, ಪಾರ್ಕಿನ್ಸನ್ ಅಂದರೆ ಮಿದುಳಿನ ಕಾಂಡ. ಮರೆವಿಗೂ ಇದಕ್ಕೂ ಹೆಚ್ಚೇನೂ ಸಂಬಂಧ ಇಲ್ಲ ಅಂತಲೇ ಎಲ್ಲರೂ ಇದ್ದುಬಿಟ್ಟರು.

ಕೊಸಾಕಾ ನೋಡಿದ ರೋಗಿಗೆ ಎರಡೂ ಇತ್ತು. ಮರೆವೂ, ಪಾರ್ಕಿನ್ಸನ್‌ನ ಬಿಗಿತವೂ. ಮರಣದ ನಂತರ ಮಿದುಳು ನೋಡಿದರೆ, ಯೋಚನೆ, ನೆನಪಿನ ಕೆಲಸ ಮಾಡುವ ಹೊರಪದರದಲ್ಲೂ ಏನೋ ಉಂಡೆಗಳು! ಆದರೆ ಇಲ್ಲಿ ಬಳೆ ಸ್ಪಷ್ಟವಾಗಿರುವುದಿಲ್ಲ, ಅಂಚು ಮಸುಕು, ಕೋಶವೂ ತಿಳಿ ಗುಲಾಬಿ, ಉಂಡೆಯೂ ತಿಳಿ ಗುಲಾಬಿ. ಸುಮ್ನೆ ಕಣ್ಣಾಡಿಸಿದರೆ ತಪ್ಪಿಹೋಗುತ್ತದೆ. ರೋಗಿ ಬದುಕಿದ್ದಾಗ ಹೇಗಿದ್ದರು ಅಂತ ಗೊತ್ತಿದ್ದವರಿಗೆ ಮಾತ್ರ ಇನ್ನೊಮ್ಮೆ ನೋಡೋಣ ಅನ್ನಿಸುತ್ತದೆ, ಅಲ್ವಾ? 1976ರಲ್ಲಿ ಅವರು ಇದನ್ನು ಪ್ರಕಟಿಸಿದರು. 1961ರಲ್ಲೇ ಅಮೆರಿಕದಲ್ಲಿ ಒಕಾಝಾಕಿ ಮತ್ತು ಜೊತೆಗಾರರು ಇಂಥ ಇಬ್ಬರು ರೋಗಿಗಳ ಬಗ್ಗೆ ಬರೆದಿದ್ದರು, ಆದರೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ.

ಆಮೇಲೆ ಕೊಸಾಕಾ ಹೋದದ್ದು ಮ್ಯೂನಿಕ್‌ಗೆ, ಲೂಯಿ ಕೆಲಸ ಮಾಡಿದ್ದ ಅದೇ ಊರಿಗೆ. ಅಲ್ಲಿ ಜರ್ಮನ್ ರೋಗಿಗಳ ಮಿದುಳಿನಲ್ಲೂ ಅದೇ ಮಸುಕು ಉಂಡೆಗಳು ಸಿಕ್ಕವು. 1979ರಲ್ಲಿ ಮೆಹ್ರಾಯಿನ್ ಜೊತೆ ಸೇರಿ ಅದನ್ನೂ ಬರೆದರು. 1984ರಲ್ಲಿ ಇದಕ್ಕೆ ‘ಡಿಫ್ಯೂಸ್ ಲೂಯಿ ಬಾಡಿ ಡಿಸೀಸ್’ (ಹರಡಿದ ಲೂಯಿ ಬಾಡಿ ಕಾಯಿಲೆ) ಅಂತ ಹೆಸರು ಕೊಟ್ಟರು. ಈಗ ಜಗತ್ತೆಲ್ಲ ಬಳಸುವ ‘ಲೂಯಿ ಬಾಡಿ ಡಿಮೆನ್ಶಿಯಾ’ ಎಂಬ ಹೆಸರು ಗಟ್ಟಿಯಾಗಿದ್ದು ಮಾತ್ರ 1996ರಲ್ಲಿ. ಮೊದಲ ವರದಿಯಿಂದ ಲೆಕ್ಕ ಹಾಕಿ, 20 ವರ್ಷ. ಮರುವರ್ಷವೇ ಆ ಉಂಡೆಯಲ್ಲಿ ತುಂಬಿರುವುದು ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಅಂತ ಗೊತ್ತಾಯಿತು. ಅದಕ್ಕೇ ಹಿಡಿಯುವ ಬಣ್ಣವೂ ಬಂತು. ಕೊಸಾಕಾ ಕಷ್ಟಪಟ್ಟು ಹುಡುಕಿದ್ದು ಈಗ ವಿದ್ಯಾರ್ಥಿಗಳಿಗೂ ಎದ್ದು ಕಾಣುತ್ತದೆ.

ಬರೀ ಹೆಸರಿಗೆ ಇಷ್ಟೊಂದು ಗಲಾಟೆ ಯಾಕೆ? ಈ ಕಾಯಿಲೆ ಇದ್ದವರಿಗೆ ಇಲ್ಲದ್ದು ಕಾಣುತ್ತದೆ. "ಮೂಲೆಯಲ್ಲಿ ಪುಟ್ಟ ಹುಡುಗ ಕೂತಿದ್ದಾನಲ್ಲ, ಯಾರವನು?" ಅಂತ ಗಾಬರಿಯಿಲ್ಲದೆ ಕೇಳುತ್ತಾರೆ. ಬೆಳಗ್ಗೆ ಚೆನ್ನಾಗಿ ಮಾತಾಡಿದವರು ಮಧ್ಯಾಹ್ನ ಮಂಕಾಗಿ ಕೂರುತ್ತಾರೆ. ಕನಸಿನಲ್ಲಿ ಕೂಗಿ ಕೈಕಾಲು ಝಾಡಿಸುವುದು ಎಷ್ಟೋ ಜನರಲ್ಲಿ ಮರೆವಿಗಿಂತ ವರ್ಷಗಟ್ಟಲೆ ಮೊದಲೇ ಶುರುವಾಗಿರುತ್ತದೆ. ಭ್ರಮೆ ಅಂತ ಹ್ಯಾಲೊಪೆರಿಡಾಲ್‌ನಂಥ ಔಷಧಿ ಕೊಟ್ಟರೆ ಮೈ ಮರದ ಹಾಗೆ ಬಿಗಿಯಬಹುದು, ಪ್ರಜ್ಞೆ ಮಂಕಾಗಬಹುದು, ಜೀವಕ್ಕೇ ಕುತ್ತು ಬರಬಹುದು. ಆಲ್‌ಝೈಮರ್‌ಗೆ ಕೊಡುವ ಡೊನೆಪೆಝಿಲ್ ಮಾತ್ರ ಇವರಲ್ಲಿ ಹಲವರಿಗೆ ಚೆನ್ನಾಗಿ ಹಿಡಿಸುತ್ತದೆ. ಅದರ ಪರೀಕ್ಷೆಯಲ್ಲೂ ಕೊಸಾಕಾ ಇದ್ದರು. 2014ರಲ್ಲಿ ಜಪಾನ್ ಈ ಕಾಯಿಲೆಗೆ ಅದನ್ನು ಒಪ್ಪಿತು. ಗುಣಪಡಿಸುವ ಔಷಧಿ ಅಲ್ಲ, ಅದು ಇನ್ನೂ ಇಲ್ಲ.

ಒಂದು ವಿಷಯದಲ್ಲಿ ನನಗೆ ಸ್ವಲ್ಪ ತಕರಾರಿದೆ. ನಡುಕ, ಬಿಗಿತ ಶುರುವಾಗಿ ಒಂದು ವರ್ಷ ಕಳೆದ ಮೇಲೆ ಮರೆವು ಬಂದರೆ ಅದು ಪಾರ್ಕಿನ್ಸನ್ ಡಿಮೆನ್ಶಿಯಾ. ಮರೆವು ಮೊದಲೇ ಬಂದರೆ, ಅಥವಾ ಆ ವರ್ಷದೊಳಗೆ ಬಂದರೆ, ಲೂಯಿ ಬಾಡಿ ಡಿಮೆನ್ಶಿಯಾ. ಈ ಒಂದು ವರ್ಷ ಅನ್ನುವುದು ಡಾಕ್ಟರುಗಳು ಅನುಕೂಲಕ್ಕೆ ಎಳೆದುಕೊಂಡ ಗೆರೆ. ಇವೆಲ್ಲ ಒಂದೇ ಕಾಯಿಲೆಯ ಬೇರೆ ಬೇರೆ ರೂಪ ಅಂತ ಕೊಸಾಕಾ 1980ರಲ್ಲೇ ಹೇಳಿದ್ದರು. ಮೊದಲು ಬಂದದ್ದು ಮರೆವಾ, ನಡುಕವಾ ಅಂತ ಮನೆಯವರು ನೆನಪು ಮಾಡಿಕೊಂಡು ಹೇಳಬೇಕು. ಮಿದುಳಿನ ಸ್ಲೈಡು ನೋಡಿದವರಿಗೆ ಅದು ಗೊತ್ತಾಗುವುದಿಲ್ಲ.