ದಪ್ಪ ಡಬ್ಬ, ಸಣ್ಣ ಡಬ್ಬ

ಕೋಲಾರದಲ್ಲಿ ನನ್ನ ಗೆಳೆಯನದ್ದೊಂದು ರಿಪೇರಿ ಅಂಗಡಿ. ಹೋದ ವಾರ ಅವನ ಟೇಬಲ್ ಮೇಲೆ ಎರಡು ಪ್ಲೇಸ್ಟೇಷನ್ 2 ಬಿಚ್ಚಿಟ್ಟಿದ್ದವು, ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಸೋನಿ ಕಂಪನಿಯ ಡಬ್ಬಗಳು. ಒಂದು ಮೊದಲಿನ ದಪ್ಪ ಮಾದರಿ, 2000ದಲ್ಲಿ ಬಂದದ್ದು. ಇನ್ನೊಂದು 2004ರ ಸ್ಲಿಮ್. ದಪ್ಪದ್ದು ಎರಡು ಕೆಜಿಗೂ ಜಾಸ್ತಿ, ಸ್ಲಿಮ್ ಒಂದು ಕೆಜಿಯೂ ಇಲ್ಲ. ಆಡುವ ಆಟ ಮಾತ್ರ ಅವೇ.

"ಬೋರ್ಡ್ ನೋಡು" ಅಂದ. ದಪ್ಪದ್ದರಲ್ಲಿ ಲೆಕ್ಕ ಮಾಡುವ ಚಿಪ್ ಒಂದು, ಚಿತ್ರ ಮೂಡಿಸುವ ಚಿಪ್ ಇನ್ನೊಂದು. ಸ್ಲಿಮ್‌ನಲ್ಲಿ ಎರಡೂ ಸೇರಿ ಒಂದೇ.

ಇಂಥ ಡಬ್ಬಗಳು ವರ್ಷ ಕಳೆದಂತೆ ಅಗ್ಗವಾಗುವ ಗುಟ್ಟು ಇರುವುದೇ ಇಲ್ಲಿ. ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳನ್ನು ಒಟ್ಟಿಗೆ ಮೂಡಿಸಿ, ಆಮೇಲೆ ಕತ್ತರಿಸುತ್ತಾರೆ. ಚಿಪ್ ಸಣ್ಣದಾದಷ್ಟೂ ಒಂದು ಬಿಲ್ಲೆಗೆ ಜಾಸ್ತಿ ಸಿಗುತ್ತವೆ. ಧೂಳಿನ ಕಣವೊಂದು ಕೂತು ಒಂದು ಚಿಪ್ ಹಾಳಾದರೂ ಹೋಗುವುದು ಸಣ್ಣ ತುಂಡೇ. ಮುಂದಿನ ಪ್ಲೇಸ್ಟೇಷನ್ 3ರಲ್ಲಿ (ಪಿಎಸ್ 3) ಲೆಕ್ಕ ಮಾಡುವ ಚಿಪ್‌ನ ಹೆಸರು ಸೆಲ್. ಅದು 2006ರಲ್ಲಿ 90 ನ್ಯಾನೋಮೀಟರ್ ತಂತ್ರದ್ದು, 2009ರ ಸ್ಲಿಮ್‌ನಲ್ಲಿ 45. ಈ ಅಂಕಿ ಇಳಿದಷ್ಟೂ ಚಿಪ್ ಒಳಗಿನ ಭಾಗಗಳು ಸಣ್ಣವು. ಉದ್ದ, ಅಗಲ ಎರಡೂ ಅರ್ಧವಾದರೆ ಜಾಗ ಕಾಲು ಭಾಗ ಸಾಕಲ್ವಾ? ಅದು ಕಾಗದದ ಲೆಕ್ಕ. ನಿಜವಾಗಿ ಇಳಿದದ್ದು ಸುಮಾರು ಅರ್ಧಕ್ಕೆ. ಅದೂ ಕಡಿಮೆಯೇನಲ್ಲ.

ಸಣ್ಣ ಚಿಪ್ ಕರೆಂಟ್ ಕಡಿಮೆ ಎಳೆಯುತ್ತದೆ, ಬಿಸಿಯಾಗುವುದೂ ಕಡಿಮೆ. ಆಗ ಬಿಸಿ ಹೀರುವ ಲೋಹದ ಹೀಟ್‌ಸಿಂಕ್, ಫ್ಯಾನ್, ಪವರ್ ಸಪ್ಲೈ ಎಲ್ಲವೂ ಕುಗ್ಗುತ್ತವೆ. ಕೊನೆಗೆ ರಟ್ಟಿನ ಡಬ್ಬವೂ. ಟೊಮೆಟೊ ಮಂಡಿಯ ಊರಿನವರಿಗೆ ಮುಂದಿನದ್ದು ಬಿಡಿಸಿ ಹೇಳಬೇಕಿಲ್ಲ. ಲಾರಿ ಬಾಡಿಗೆ ಬದಲಾಗುವುದಿಲ್ಲ, ಎಷ್ಟು ಬಾಕ್ಸ್ ಹಿಡಿಸುತ್ತದೆ ಅನ್ನುವುದೇ ಪ್ರಶ್ನೆ.

ಪಿಎಸ್ 3 ಅಮೆರಿಕದಲ್ಲಿ ಶುರುವಾದದ್ದು 499 ಮತ್ತು 599 ಡಾಲರ್‌ಗೆ. ಅಷ್ಟಕ್ಕೆ ಮಾರಿದರೂ ಸೋನಿಗೆ ನಷ್ಟವೇ. ಆಟಗಳ ಮಾರಾಟದಲ್ಲಿ ಸಿಗುವ ಪಾಲಿನಿಂದ ಅದನ್ನು ತುಂಬಿಕೊಳ್ಳುವ ಲೆಕ್ಕ ಅವರದ್ದು. 2009ರಲ್ಲಿ ಸ್ಲಿಮ್ 299ಕ್ಕೆ ಬಂತು. ಬೆಲೆ ಇಳಿದರೆ ಕೊಳ್ಳುವವರು ಹೆಚ್ಚು, ಆಟ ಕೊಳ್ಳುವವರೂ ಹೆಚ್ಚು.

ಒಂದಿಷ್ಟು ಕೈಚಳಕವೂ ಇದೆ ಅನ್ನಿ. ನಮ್ಮ ದಪ್ಪ ಡಬ್ಬದಲ್ಲಿ ಹಾರ್ಡ್ ಡಿಸ್ಕ್ ಕೂರಿಸುವ ಗೂಡಿತ್ತು, ಸ್ಲಿಮ್‌ನಲ್ಲಿ ಅದಿಲ್ಲ. ಒಳಗಿದ್ದ ಪವರ್ ಸಪ್ಲೈಯನ್ನು ಅಡಾಪ್ಟರ್ ಮಾಡಿ ಹೊರಗೆ ತಳ್ಳಿದ್ದಾರೆ. ತೆಳ್ಳಗಾಗೋಕೆ ಸುಲಭದ ದಾರಿ!

ಈಗ ಈ ಲೆಕ್ಕ ತಪ್ಪುತ್ತಿದೆ. 2020ರ ಪಿಎಸ್ 5ಕ್ಕೆ 2023ರಲ್ಲಿ ಸಣ್ಣ ಮಾದರಿ ಬಂತು, ಬೆಲೆ ಇಳಿಯಲಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ 50 ಡಾಲರ್ ಏರಿಸಿಯೂ ಬಿಟ್ಟರು. ಹೊಸ ತಂತ್ರದಲ್ಲಿ ಬಿಲ್ಲೆಯೇ ದುಬಾರಿ. ಚಿಪ್ ಕುಗ್ಗಿದರೂ ಖರ್ಚು ಮೊದಲಿನಷ್ಟು ಇಳಿಯುವುದಿಲ್ಲ.

ರಿಪೇರಿಗೆ ಯಾವುದು ಸುಲಭ ಅಂತ ಗೆಳೆಯನನ್ನು ಕೇಳಿದೆ. "ದಪ್ಪದ್ದೇ ಗುರು, ಕೈಯಾಡುತ್ತೆ" ಅಂದ.