ಟಿಜಿಪಿ: ಗೇಮಿಂಗ್ ಲ್ಯಾಪ್‌ಟಾಪಿನ ವ್ಯಾಟ್ ಲೆಕ್ಕ

ಎರಡು ಲ್ಯಾಪ್‌ಟಾಪ್‌ಗಳಿವೆ ಅಂದುಕೊಳ್ಳಿ. ಎರಡರ ಮೇಲೂ ಆರ್‌ಟಿಎಕ್ಸ್ 4060 ಎಂಬ ಸ್ಟಿಕ್ಕರ್, ಅಂದರೆ ಎರಡರಲ್ಲೂ ಎನ್‌ವಿಡಿಯಾ ಕಂಪನಿಯ ಅದೇ ಗ್ರಾಫಿಕ್ಸ್ ಚಿಪ್. ಎರಡರಲ್ಲೂ 16 ಜಿಬಿ ರ‍್ಯಾಮ್, ಒಂದೇ ಅಳತೆಯ ಸ್ಕ್ರೀನ್. ಒಂದೇ ಗೇಮನ್ನು ಒಂದೇ ಸೆಟ್ಟಿಂಗ್‌ನಲ್ಲಿ ಹಾಕಿದರೆ ಒಂದರಲ್ಲಿ ಸಲೀಸಾಗಿ ಓಡುತ್ತದೆ, ಇನ್ನೊಂದರಲ್ಲಿ ತಡವರಿಸುತ್ತದೆ. ಎರಡನೆಯದರಲ್ಲಿ ನಕಲಿ ಚಿಪ್ ಇದೆಯಾ? ಇಲ್ಲ. ಎರಡೂ ಅಸಲಿ 4060ಗಳೇ. ಒಂದಕ್ಕೆ 115 ವ್ಯಾಟ್ ತನಕ ಎಳೆದುಕೊಳ್ಳಲು ಬಿಟ್ಟಿದ್ದಾರೆ, ಇನ್ನೊಂದನ್ನು 50 ವ್ಯಾಟ್‌ಗೇ ಕಟ್ಟಿಹಾಕಿದ್ದಾರೆ. ಈ ವ್ಯಾಟ್ ಸಂಖ್ಯೆಗೆ ಟಿಜಿಪಿ ಎನ್ನುತ್ತಾರೆ. ಕಾಲೇಜಿಗೆ ಅಂತ ಗೇಮಿಂಗ್ ಲ್ಯಾಪ್‌ಟಾಪ್ ಹುಡುಕುತ್ತಿರುವವರು ಚಿಪ್‌ನ ಹೆಸರಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ ಅನ್ನುವುದು ನನ್ನ ಅಭಿಪ್ರಾಯ.

ಟಿಜಿಪಿ ಎಂದರೆ ಟೋಟಲ್ ಗ್ರಾಫಿಕ್ಸ್ ಪವರ್. ಗ್ರಾಫಿಕ್ಸ್ ಚಿಪ್ ಮತ್ತು ಅದರ ಸುತ್ತ ಕೂತಿರುವ ಗ್ರಾಫಿಕ್ಸ್ ಮೆಮೊರಿ ಎರಡೂ ಸೇರಿ ಹೆಚ್ಚೆಂದರೆ ಎಷ್ಟು ವಿದ್ಯುತ್ ಎಳೆಯಬಹುದು ಎಂಬ ಮಿತಿ ಇದು. ಇದು ಬರೀ ಮಿತಿ, ದಿನವಿಡೀ ಆಗುವ ಖರ್ಚಲ್ಲ. ಟಿಜಿಪಿ 115 ಇರುವ ಲ್ಯಾಪ್‌ಟಾಪಿನಲ್ಲಿ ನೀವು ಕ್ಲಾಸಿನಲ್ಲಿ ಕೂತು ನೋಟ್ಸ್ ಬರೆಯುತ್ತಿದ್ದರೆ ಆ ದೊಡ್ಡ ಚಿಪ್ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ಸ್ಕ್ರೀನಿನ ಕೆಲಸವನ್ನು ಪ್ರೊಸೆಸರ್ ಒಳಗೇ ಇರುವ ಚಿಕ್ಕ ಗ್ರಾಫಿಕ್ಸ್ ನೋಡಿಕೊಳ್ಳುತ್ತದೆ. ಎನ್‌ವಿಡಿಯಾದವರು ಈ ಏರ್ಪಾಟನ್ನು ಆಪ್ಟಿಮಸ್ ಎಂದು ಕರೆಯುತ್ತಾರೆ. ಆದ್ದರಿಂದ ಟಿಜಿಪಿ ಜಾಸ್ತಿ ಇದ್ದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ ಎಂಬ ಮಾತನ್ನು ಹಾಗೇ ನಂಬಬೇಡಿ. ಗೇಮ್ ಆಡುವಾಗ ನಿಜ, ಬರೆಯುವಾಗ ಅಲ್ಲ.

ಒಂದೇ ಚಿಪ್‌ಗೆ ಇಷ್ಟೊಂದು ವ್ಯತ್ಯಾಸ ಹೇಗೆ ಬರುತ್ತದೆ? ಚಿಪ್ ಮಾಡುವವರು ಲ್ಯಾಪ್‌ಟಾಪ್ ಕಂಪನಿಗಳಿಗೆ ಒಂದೇ ಸಂಖ್ಯೆ ಕೊಡುವುದಿಲ್ಲ, ಇಲ್ಲಿಂದ ಇಲ್ಲಿಯವರೆಗೆ ಎಂದು ಒಂದು ವ್ಯಾಪ್ತಿ ಕೊಡುತ್ತಾರೆ. ಆರ್‌ಟಿಎಕ್ಸ್ 3060ಕ್ಕೆ ಅದು 60ರಿಂದ 115 ವ್ಯಾಟ್ ಇತ್ತು. 4050, 4060, 4070 ಮೂರಕ್ಕೂ 35ರಿಂದ 115. ಆಮೇಲೆ ಬಂದ 5060ಕ್ಕೆ 45ರಿಂದ 100. ಈ ವ್ಯಾಪ್ತಿಯಲ್ಲಿ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ಕಂಪನಿ. ಅವರ ಲೆಕ್ಕ ಪೂರ್ತಿ ಬಿಸಿಯ ಲೆಕ್ಕ. ಚಿಪ್ ಎಳೆದುಕೊಂಡ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ, ಆ ಶಾಖವನ್ನು ತಾಮ್ರದ ಕೊಳವೆಗಳೂ ಫ್ಯಾನ್‌ಗಳೂ ಹೊರಗೆ ಹಾಕಬೇಕು. ತೆಳ್ಳಗಿನ, ಹಗುರವಾದ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಆಗ ವ್ಯಾಟ್ ಕಡಿಮೆ ಮಾಡುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಇದರಲ್ಲಿ ತಪ್ಪೇನಿಲ್ಲ. ಆ ಸಂಖ್ಯೆಯನ್ನು ಹೇಳದೆ ಚಿಪ್‌ನ ಹೆಸರನ್ನಷ್ಟೇ ದೊಡ್ಡದಾಗಿ ಬರೆದಾಗ ಮಾತ್ರ ತಪ್ಪು.

ಹಿಂದೆ ಸ್ವಲ್ಪ ಸುಲಭವಿತ್ತು. 2017ರಲ್ಲಿ ಎನ್‌ವಿಡಿಯಾ ತೆಳು ಲ್ಯಾಪ್‌ಟಾಪ್‌ಗಳಿಗೆಂದು ಕಡಿಮೆ ವ್ಯಾಟ್‌ನ ಚಿಪ್‌ಗಳನ್ನು ತಂದಾಗ ಹೆಸರಿನ ಕೊನೆಗೇ ಮ್ಯಾಕ್ಸ್-ಕ್ಯೂ ಎಂದು ಸೇರಿಸಿತ್ತು. ಜಿಟಿಎಕ್ಸ್ 1080 ಬೇರೆ, 1080 ಮ್ಯಾಕ್ಸ್-ಕ್ಯೂ ಬೇರೆ ಎಂದು ಹೆಸರು ನೋಡಿದರೇ ತಿಳಿಯುತ್ತಿತ್ತು. 2021ರ ಆರಂಭದಲ್ಲಿ 3060 ಮುಂತಾದ 30ರ ಸರಣಿ ಬಂದಾಗ ಆ ಬಾಲವನ್ನು ಕತ್ತರಿಸಿದರು. ಕಡಿಮೆ ವ್ಯಾಟ್‌ನದೂ ಜಾಸ್ತಿ ವ್ಯಾಟ್‌ನದೂ ಒಂದೇ ಹೆಸರಿನಲ್ಲಿ ಅಂಗಡಿಗೆ ಬಂದವು. ಕೊಳ್ಳುವವರು ಗೊಂದಲಕ್ಕೆ ಬಿದ್ದರು, ಗದ್ದಲ ಎದ್ದಿತು. ಕಂಪನಿಗಳು ತಮ್ಮ ಪ್ರಾಡಕ್ಟ್ ಪೇಜಿನಲ್ಲಿ ಚಿಪ್‌ನ ವೇಗವನ್ನೂ ಟಿಜಿಪಿಯನ್ನೂ ಹಾಕಬೇಕು ಎಂದು ಎನ್‌ವಿಡಿಯಾ ಅದೇ ವರ್ಷ ಹೇಳಬೇಕಾಯಿತು. ಹಾಕುತ್ತಾರೆ ನಿಜ. ಆದರೆ ಎಲ್ಲಿ? ಪೇಜಿನ ಮೇಲ್ಭಾಗದಲ್ಲಿ ಬೆಳಗುವ ಕೀಬೋರ್ಡಿನ ಫೋಟೋ ಇರುತ್ತದೆ, ಟಿಜಿಪಿ ಎಷ್ಟೋ ಸಲ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಸಿಗುತ್ತದೆ.

ಆ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ತಿರುವು ಇದೆ. ಅದೇ 4060ಗೆ ಕೆಲವರು 115 ವ್ಯಾಟ್ ಎಂದು ಬರೆದರೆ ಕೆಲವರು 140 ಎಂದು ಬರೆಯುತ್ತಾರೆ. 115ರ ಮೇಲಿನ 25 ವ್ಯಾಟ್ ಡೈನಮಿಕ್ ಬೂಸ್ಟ್‌ನದು. ಪ್ರೊಸೆಸರ್‌ಗೆ ಹೆಚ್ಚು ಕೆಲಸ ಇಲ್ಲದಿದ್ದಾಗ ಅದರ ಪಾಲಿನ ವ್ಯಾಟನ್ನು ಸ್ವಲ್ಪ ಹೊತ್ತು ಗ್ರಾಫಿಕ್ಸ್ ಕಡೆಗೆ ತಿರುಗಿಸುವ ಏರ್ಪಾಟು ಅದು. ಪ್ರೊಸೆಸರ್‌ಗೂ ಕೆಲಸ ಬಿದ್ದರೆ ಆ ಹೆಚ್ಚುವರಿ ಸಿಗುವುದಿಲ್ಲ. ಹಾಗಾಗಿ ಎರಡು ಮಾಡೆಲ್‌ಗಳನ್ನು ಹೋಲಿಸುವಾಗ ಒಂದರ ಬೂಸ್ಟ್ ಸೇರಿದ ಸಂಖ್ಯೆಯನ್ನು ಇನ್ನೊಂದರ ಬೂಸ್ಟ್ ಇಲ್ಲದ ಸಂಖ್ಯೆಯ ಎದುರು ಇಡಬೇಡಿ.

ಸರಿ, ವ್ಯಾಟ್ ಎರಡರಷ್ಟಾದರೆ ಫ್ರೇಮ್‌ಗಳೂ, ಅಂದರೆ ಸೆಕೆಂಡಿಗೆ ಸ್ಕ್ರೀನಿನ ಮೇಲೆ ಮೂಡುವ ಚಿತ್ರಗಳೂ, ಎರಡರಷ್ಟಾಗುತ್ತವಾ? ಆಗುವುದಿಲ್ಲ. ಹಣದ ಲೆಕ್ಕ ಹಾಕುವವರು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಚಿಪ್‌ನ ವೇಗ ಹೆಚ್ಚಿಸಬೇಕಾದರೆ ಅದಕ್ಕೆ ಕೊಡುವ ವೋಲ್ಟೇಜನ್ನೂ ಹೆಚ್ಚಿಸಬೇಕು. ಚಿಪ್ ಎಳೆಯುವ ವಿದ್ಯುತ್ತು ವೇಗದ ಜೊತೆ ಒಂದು ಪಟ್ಟು ಏರಿದರೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. ಅಂದರೆ ಕೊನೆಕೊನೆಯ ಸ್ವಲ್ಪ ವೇಗಕ್ಕೆ ವಿಪರೀತ ವ್ಯಾಟ್ ಸುರಿಯಬೇಕಾಗುತ್ತದೆ. 4060ಯಂಥ ಚಿಪ್‌ಗೆ 40 ವ್ಯಾಟ್‌ನಿಂದ 80ಕ್ಕೆ ಹೋದರೆ ಆಟದಲ್ಲಿ ಎದ್ದು ಕಾಣುವ ವ್ಯತ್ಯಾಸ ಸಿಗುತ್ತದೆ. 80ರಿಂದ 100ಕ್ಕೆ ಹೋದರೂ ಸಿಗುತ್ತದೆ, ಕಡಿಮೆ. 100 ದಾಟಿದ ಮೇಲೆ ಬಹಳಷ್ಟು ಗೇಮ್‌ಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಎಷ್ಟೋ ಸಲ ಆ ಚಿಪ್ 140 ವ್ಯಾಟನ್ನು ಮುಟ್ಟುವುದೇ ಇಲ್ಲ, ಕೊಡ್ತೀನಿ ಅಂದರೂ ಬೇಡ ಅನ್ನುತ್ತದೆ. ಬರೀ 140 ಎಂದು ಬರೆದಿದೆ ಅಂತ 100 ವ್ಯಾಟ್‌ನ ಮಾಡೆಲ್ ಬಿಟ್ಟು ಜಾಸ್ತಿ ದುಡ್ಡು ಕೊಡುವುದು ಸುಮ್ನೆ ದಂಡ.

ತಿರುಗಿಸಿ ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ದೊಡ್ಡ ಚಿಪ್ ತಂದು ಉಪವಾಸ ಕೆಡವಿದ ಲ್ಯಾಪ್‌ಟಾಪ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಚಿಪ್‌ಗೆ ಹೊಟ್ಟೆತುಂಬ ವ್ಯಾಟ್ ಕೊಟ್ಟ ಲ್ಯಾಪ್‌ಟಾಪ್ ಮೇಲು. ತೆಳು ಮೈಯ, 60 ವ್ಯಾಟ್‌ನ 4070ಯನ್ನೂ ದಪ್ಪ ಮೈಯ, 100 ವ್ಯಾಟ್ ದಾಟುವ 4060ಯನ್ನೂ ಎದುರೆದುರು ಇಟ್ಟರೆ ದುಬಾರಿಯದು ಮುಂದೆ ಹೋಗುವ ಖಾತ್ರಿಯಿಲ್ಲ, ಹಿಂದೆ ಬೀಳಲೂಬಹುದು. ಲ್ಯಾಪ್‌ಟಾಪಿನ 4060 ಮತ್ತು 4070 ಎರಡರಲ್ಲೂ ಗ್ರಾಫಿಕ್ಸ್ ಮೆಮೊರಿ ಅದೇ 8 ಜಿಬಿ, ಅದನ್ನು ಚಿಪ್‌ಗೆ ಜೋಡಿಸುವ ದಾರಿಯ ಅಗಲವೂ ಅದೇ 128 ಬಿಟ್. ನನ್ನನ್ನು ಕೇಳಿದರೆ ಕಾಲೇಜಿನ ಬಜೆಟ್‌ಗೆ 4070ಯ ಮೆಟ್ಟಿಲು ಹತ್ತುವ ಬದಲು ಆ ದುಡ್ಡಿನಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಒಳ್ಳೆಯ ಸ್ಕ್ರೀನ್ ನೋಡಿಕೊಳ್ಳುವುದು ಜಾಣತನ.

ಡೆಸ್ಕ್‌ಟಾಪ್ ಕಾರ್ಡುಗಳ ಜೊತೆ ಹೋಲಿಸುವ ಚಾಳಿಯನ್ನೂ ಬಿಡಬೇಕು. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090ರ ಟಿಜಿಪಿ 450 ವ್ಯಾಟ್, ಅದರಲ್ಲಿ 16,384 ‘ಕೂಡಾ’ (CUDA) ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಚಿಕ್ಕ ಘಟಕಗಳು. ಲ್ಯಾಪ್‌ಟಾಪಿನ 4090ಗೆ ಬೂಸ್ಟ್ ಸೇರಿ ಹೆಚ್ಚೆಂದರೆ 175 ವ್ಯಾಟ್, ಕೋರ್‌ಗಳು 9,728. ಹೆಸರೊಂದೇ, ಚಿಪ್ಪೇ ಬೇರೆ. 4070ಯದೂ ಇದೇ ಕಥೆ: ಡೆಸ್ಕ್‌ಟಾಪಿನದು 5,888 ಕೋರ್, 12 ಜಿಬಿ, 200 ವ್ಯಾಟ್, ಲ್ಯಾಪ್‌ಟಾಪಿನದು 4,608 ಕೋರ್, 8 ಜಿಬಿ. ತಮಾಷೆಯೆಂದರೆ 4060 ಮಾತ್ರ ಎರಡೂ ಕಡೆ 3,072 ಕೋರ್, 8 ಜಿಬಿ, ಡೆಸ್ಕ್‌ಟಾಪಿನದಕ್ಕೂ ಬರೀ 115 ವ್ಯಾಟ್. ಪೂರ್ತಿ ವ್ಯಾಟ್‌ನ 4060 ಲ್ಯಾಪ್‌ಟಾಪ್ ಕೊಂಡವರಿಗೆ ಹೆಸರಿಗೆ ತಕ್ಕ ಮಾಲು ಸಿಕ್ಕಿತು ಅನ್ನಬಹುದು.

ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಂಡಿಯ ಚಿಪ್‌ಗಳಲ್ಲೂ ಇದೇ ವ್ಯವಸ್ಥೆ ಇದೆ, ಆದರೆ ಹೆಸರಿನಲ್ಲಿ ಸ್ವಲ್ಪ ಸುಳಿವು ಸಿಗುತ್ತದೆ. ಆರ್‌ಎಕ್ಸ್ 7600ಎಸ್ ತೆಳು ಲ್ಯಾಪ್‌ಟಾಪ್‌ಗಳಿಗೆ, 50ರಿಂದ 75 ವ್ಯಾಟ್. 7600ಎಂ ಎಕ್ಸ್‌ಟಿ ದಪ್ಪದವುಗಳಿಗೆ, 75ರಿಂದ 120.

ಟಿಜಿಪಿ ಜಾಸ್ತಿ ಇರುವ ಲ್ಯಾಪ್‌ಟಾಪ್ ಕೊಂಡರೆ ಬ್ಯಾಗೂ, ಫ್ಯಾನಿನ ಸದ್ದು ಕೇಳುವ ಕಿವಿಯೂ ಅದರ ಬೆಲೆ ತೆರಬೇಕು. 115 ವ್ಯಾಟ್‌ನ ಗ್ರಾಫಿಕ್ಸ್, ಅದರ ಜೊತೆ 45 ವ್ಯಾಟ್‌ನ ಪ್ರೊಸೆಸರ್, ಸ್ಕ್ರೀನು, ಫ್ಯಾನು ಎಲ್ಲ ಸೇರಿಸಿದರೆ 180 ಅಥವಾ 230 ವ್ಯಾಟ್‌ನ ಅಡಾಪ್ಟರ್ ಬೇಕು, ಅದು ಇಟ್ಟಿಗೆಯಷ್ಟು ದಪ್ಪ. ಲ್ಯಾಪ್‌ಟಾಪೇ ಎರಡೂವರೆ ಕೆಜಿ ಹತ್ತಿರ ತೂಗುತ್ತದೆ. ಬೆಳಗ್ಗೆ ಎಂಟಕ್ಕೆ ಹೊರಟು ಮೂರು ಕಟ್ಟಡ ಸುತ್ತಿ ಸಂಜೆ ಲೈಬ್ರರಿಗೆ ಬರುವವರು ಮೊದಲು ಈ ತೂಕ ಹೊರಬಲ್ಲಿರಾ ಎಂದು ಯೋಚಿಸಿ. ರೂಮಿನ ಮೇಜಿನ ಮೇಲೇ ಇರುವ ಲ್ಯಾಪ್‌ಟಾಪ್ ಆದರೆ ಈ ಮಾತು ಬಿಟ್ಟುಬಿಡಿ.

ಇಟ್ಟಿಗೆ ಮನೆಯಲ್ಲೇ ಬಿಟ್ಟು ಬ್ಯಾಟರಿಯಲ್ಲಿ ಆಡಬಹುದಲ್ವಾ ಎಂದರೆ, ಆಡಬಹುದು, ಆದರೆ ಟಿಜಿಪಿಯ ಸಂಖ್ಯೆ ಆಗ ಲೆಕ್ಕಕ್ಕೆ ಬರುವುದಿಲ್ಲ. ವಿಮಾನದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್ ಆಗಿರುವುದರಿಂದ ಯಾವ ಲ್ಯಾಪ್‌ಟಾಪೂ ಸಾಮಾನ್ಯವಾಗಿ ಅದನ್ನು ದಾಟುವುದಿಲ್ಲ. ಒಟ್ಟು 160 ವ್ಯಾಟ್ ಎಳೆದರೆ ಆ ದೊಡ್ಡ ಬ್ಯಾಟರಿಯೂ 40 ನಿಮಿಷ ಬಾಳುವುದಿಲ್ಲ. ಅಷ್ಟು ವೇಗವಾಗಿ ಬ್ಯಾಟರಿಯಿಂದ ಹೀರುವುದೂ ಅದಕ್ಕೆ ಒಳ್ಳೆಯದಲ್ಲ. ಅದಕ್ಕೇ ಪ್ಲಗ್ ತೆಗೆದ ತಕ್ಷಣ ಗ್ರಾಫಿಕ್ಸ್ ಚಿಪ್‌ನ ವ್ಯಾಟ್ ಧಡಕ್ಕನೆ ಇಳಿಯುತ್ತದೆ. ಯುಎಸ್‌ಬಿ-ಸಿ ಮೂಲಕ 65 ಅಥವಾ 100 ವ್ಯಾಟ್ ಚಾರ್ಜರ್ ಹಾಕಲು ಬಿಡುವ ಮಾಡೆಲ್‌ಗಳಿವೆ. ಕ್ಲಾಸಿಗೆ ಅಷ್ಟು ಧಾರಾಳ ಸಾಕು, ಆ ಪೋರ್ಟ್ ಇದೆಯಾ ಎಂದು ಮರೆಯದೆ ನೋಡಿ. ಗೇಮಿಗೆ ಮಾತ್ರ ಇಟ್ಟಿಗೆಯೇ ಬೇಕು.

ಓದಿನ ಕೆಲಸಕ್ಕೆ ಟಿಜಿಪಿ ಬೇಕಾ ಎಂಬುದು ಏನು ಓದುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಪ್ರೋಗ್ರಾಮಿಂಗ್ ಕಲಿಯಲು ಬೇಡವೇ ಬೇಡ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಒಂದು ದೃಶ್ಯ ರೆಂಡರ್ ಹಾಕಿದರೆ ಚಿಪ್ ಗಂಟೆಗಟ್ಟಲೆ ಪೂರ್ತಿ ಹೊರೆ ಹೊರಬೇಕು, ಅಲ್ಲಿ ವ್ಯಾಟ್ ನೇರವಾಗಿ ಸಮಯ ಉಳಿಸುತ್ತದೆ. ಮಷಿನ್ ಲರ್ನಿಂಗ್‌ಗೆ ಮೊದಲು ಗ್ರಾಫಿಕ್ಸ್ ಮೆಮೊರಿ ನೋಡಿ, ಆಮೇಲೆ ಟಿಜಿಪಿ. ನೀವು ಓಡಿಸುವ ಎಐ ಮಾಡೆಲ್ 6 ಜಿಬಿಯಲ್ಲಿ ಹಿಡಿಯದಿದ್ದರೆ ಎಷ್ಟು ವ್ಯಾಟ್ ಇದ್ದೇನು? 4050ರಲ್ಲಿ ಇರುವುದು 6, 4060ರಲ್ಲಿ 8. ನಾಲ್ಕು ವರ್ಷ ಬಾಳಬೇಕಾದ ಲ್ಯಾಪ್‌ಟಾಪಿಗೆ ಈ 2 ಜಿಬಿಯ ವ್ಯತ್ಯಾಸ ಚಿಕ್ಕದಲ್ಲ, ಹೊಸ ಗೇಮ್‌ಗಳಿಗೂ ಅಷ್ಟೇ. ಇದೊಂದಕ್ಕಾಗಿ ಸ್ವಲ್ಪ ಜಾಸ್ತಿ ದುಡ್ಡು ಹಾಕಬಹುದು.

ಟಿಜಿಪಿ ಚೆನ್ನಾಗಿದ್ದೂ ಲ್ಯಾಪ್‌ಟಾಪ್ ನಿಧಾನವಾಗಲು ಬೇರೆ ಕಾರಣಗಳೂ ಇರುತ್ತವೆ. ಒಂದೇ ರ‍್ಯಾಮ್ ಪಟ್ಟಿ ಹಾಕಿ ಕೊಟ್ಟಿದ್ದರೆ ಪ್ರೊಸೆಸರ್ ಹಿಂದೆ ಬೀಳುತ್ತದೆ, ಎರಡು ಪಟ್ಟಿ ಇರುವುದು ಯಾವಾಗಲೂ ಮೇಲು. ದೊಡ್ಡ ಗ್ರಾಫಿಕ್ಸ್ ಚಿಪ್ಪನ್ನು ನೇರವಾಗಿ ಸ್ಕ್ರೀನಿಗೆ ಜೋಡಿಸುವ ಮಕ್ಸ್ ಸ್ವಿಚ್ ಇಲ್ಲದಿದ್ದರೆ ಪ್ರತಿ ಫ್ರೇಮೂ ಚಿಕ್ಕ ಗ್ರಾಫಿಕ್ಸ್ ಮೂಲಕ ಸುತ್ತಿ ಸ್ಕ್ರೀನಿಗೆ ಬರಬೇಕು, ಅಲ್ಲೂ ಸ್ವಲ್ಪ ಕಳೆಯುತ್ತದೆ.

ಇನ್ನು ಅಳೆಯುವ ವಿಧಾನ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್ ತೆರೆದು ಹೆಲ್ಪ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಒತ್ತಿ. ಅಲ್ಲಿನ ಪಟ್ಟಿಯಲ್ಲಿ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಎಂಬ ಸಾಲಿನ ಎದುರು ಆ ಲ್ಯಾಪ್‌ಟಾಪಿನ ಸಂಖ್ಯೆ ಇರುತ್ತದೆ. ಅಂಗಡಿಯಲ್ಲಿ ಡೆಮೊಗೆ ಇಟ್ಟ ಲ್ಯಾಪ್‌ಟಾಪಿನಲ್ಲೂ ಎರಡು ನಿಮಿಷದ ಕೆಲಸ. ಆದರೆ ಅದು ಕಾಗದದ ಮೇಲಿನ ಮಿತಿ. ನಿಜವಾಗಿ ಎಷ್ಟು ಎಳೆಯುತ್ತಿದೆ ಎಂದು ತಿಳಿಯಲು ಎಚ್‌ಡಬ್ಲ್ಯು-ಇನ್ಫೋ ಥರದ ಒಂದು ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಪ್ಲಗ್ ಹಾಕಿ, ಪರ್ಫಾರ್ಮೆನ್ಸ್ ಮೋಡಿನಲ್ಲಿ ಒಂದು ಭಾರೀ ಗೇಮನ್ನು ಅರ್ಧ ಗಂಟೆ ಓಡಿಸಿ. ಮೊದಲ ಎರಡು ನಿಮಿಷದ ಅಂಕಿ ನೋಡಿ ಹಿಗ್ಗಬೇಡಿ, ಆಗ ಲ್ಯಾಪ್‌ಟಾಪ್ ಇನ್ನೂ ತಣ್ಣಗಿರುತ್ತದೆ. 110ರಲ್ಲಿ ಶುರುವಾಗಿ ಅರ್ಧ ಗಂಟೆಯ ಹೊತ್ತಿಗೂ 100ರ ಆಸುಪಾಸಿನಲ್ಲಿದ್ದರೆ ಕೂಲಿಂಗ್ ಚೆನ್ನಾಗಿದೆ. ಸ್ಕ್ರೀನಿನ ಮೇಲಿನ ಆಟ ಅಷ್ಟೇ ಭಾರೀ ಇದ್ದೂ 70ಕ್ಕೆ ಇಳಿದಿದ್ದರೆ, ಚಿಪ್‌ನ ಉಷ್ಣತೆಯೂ ಮಿತಿಗೆ ಅಂಟಿಕೊಂಡಿದ್ದರೆ, ಪೇಜಿನಲ್ಲಿ ಬರೆದ ಸಂಖ್ಯೆಯನ್ನು ಆ ಮೈ ತಡೆದುಕೊಳ್ಳುತ್ತಿಲ್ಲ. ಮೊದಲು ಮೋಡ್ ಸರಿಯಿದೆಯಾ, ಲ್ಯಾಪ್‌ಟಾಪ್ ಹಾಸಿಗೆಯ ಮೇಲೆ ಕೂತಿಲ್ಲವಲ್ಲ, ಡ್ರೈವರ್ ಹೊಸದಾ ಎಂದು ನೋಡಿ. ಅದೆಲ್ಲ ಸರಿಯಿದ್ದೂ ಇಳಿಯುತ್ತಿದ್ದರೆ ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಬದಲಾಯಿಸಿಕೊಳ್ಳಿ.